ನೀರಿನ ಗಂಜ್‌ಗಳನ್ನು ಉಳಿಸಿಕೊಡಿ: ವಿಜಯಪುರದ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ವಿಜಯಪುರದಲ್ಲಿ ಹುಟ್ಟಿ ಬೆಳೆದ ನಾನು ನೌಕರಿಗೆಂದು ಮೈಸೂರು ಸೇರಿ ಇಪ್ಪತ್ತೆರಡು ವರ್ಷಗಳಾದವು. ಬಿಟ್ಟು ಬಂದಾಗ ಊರು ಬಿಜಾಪುರವಾಗಿತ್ತು, 2014ರ ರಾಜ್ಯೋತ್ಸವಕ್ಕೆ ವಿಜಯಪುರವಾಯಿತು. ನನ್ನ ಬಾಯಲ್ಲಿ ಇಂದಿಗೂ ಎರಡೂ ಹೆಸರು ಬರುತ್ತವೆ.

ಊರು ಯಾವುದೆಂದು ಹೇಳಿದ ಕೂಡಲೇ ಇಲ್ಲಿಯವರು ಗೋಳಗುಮ್ಮಟದ ಮಾತೆತ್ತುತ್ತಾರೆ. ಹೆಮ್ಮೆಯೇ. ಆದರೆ ನಾನು ಕನಸಿನಲ್ಲಿ ಕಾಣುವುದು ನಮ್ಮ ಓಣಿಯ ತುದಿಯಲ್ಲಿದ್ದ ನೀರಿನ ಗಂಜ್.

ಕಲ್ಲು ಗಾರೆಯ ಚೌಕ ಗೋಪುರ ಅದು. ಒಂದು ಮಗ್ಗುಲು ಕುಸಿದು ಒಳಗಿನ ಕೊಳವೆ ಕಾಣುತ್ತಿತ್ತು. ಸುಟ್ಟ ಕೆಂಪು ಮಣ್ಣಿನದು, ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸಿ ಸುತ್ತಲೂ ಗಾರೆ ಮೆತ್ತಿದ್ದರು. ಕೈ ತೂರಿಸಿದರೆ ಏಪ್ರಿಲ್ ಬಿಸಿಲಿನಲ್ಲೂ ತಂಪು. ನಳದ ನೀರಿಗೆ ದಿನಗಟ್ಟಲೆ ಕಾಯುತ್ತಿದ್ದ ಕಾಲ. ಅವ್ವ ಕೊಡಗಳನ್ನು ಸಾಲಾಗಿಟ್ಟು ಅದೇ ಗಂಜ್‌ನ ನೆರಳಿನಲ್ಲಿ ಟ್ಯಾಂಕರಿನ ದಾರಿ ನೋಡುತ್ತಿದ್ದಳು. ಬೆನ್ನಿಗಿದ್ದ ಗೋಡೆ ಒಮ್ಮೆ ಊರಿಗೆ ನೀರು ಕೊಟ್ಟಿತ್ತೆಂಬುದು ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ತಿಳಿದದ್ದು ಊರು ಬಿಟ್ಟ ಮೇಲೆ. ಬಿಜಾಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್ ಎಂಬ ಕೆರೆಯಿಂದ ಇಳಿಜಾರಿನ ಬಲದಲ್ಲೇ ನೀರು ಊರೊಳಗೆ ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ದಾರಿಯುದ್ದಕ್ಕೂ ಗಂಜ್‌ಗಳನ್ನು ಕಟ್ಟಿದರು. ನೀರು ಅದರೊಳಗೆ ಮೇಲೇರಿ, ಒತ್ತಡ ಇಳಿಸಿಕೊಂಡು, ಕೆಸರನ್ನು ತಳದಲ್ಲಿ ಬಿಟ್ಟು ಮುಂದೆ ಸಾಗುತ್ತಿತ್ತು. ಮಳೆಯನ್ನೇ ನಂಬಲಾಗದ ನಮ್ಮ ಸೀಮೆಯಲ್ಲಿ ಎಂಥ ಬುದ್ಧಿವಂತಿಕೆ! 1620ರ ತಾಜ್ ಬಾವಡಿ ಎಂಬ ದೊಡ್ಡ ಬಾವಿ ಕೂಡ ಇದೇ ಆದಿಲ್ ಶಾಹಿಗಳ ಕಾಲದ ಕೆಲಸ. ನನ್ನ ಮಟ್ಟಿಗೆ ಇವು ಗುಮ್ಮಟಕ್ಕಿಂತ ಒಂದು ತೂಕ ಹೆಚ್ಚು. ಗುಮ್ಮಟ ಒಬ್ಬ ಅರಸನ ಗೋರಿ, ಗಂಜ್ ಊರಿನ ಕೊಡ ತುಂಬಿಸಿದ್ದು.

ಕಳೆದ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬಂದವನು ಓಣಿಗೂ ಹೋದೆ. ಗಂಜ್‌ನ ನೆತ್ತಿಯಲ್ಲಿ ಅರಳಿ ಸಸಿ ಬೆಳೆದು, ಬೇರು ಗೋಡೆಯ ಸಂದನ್ನು ಬಾಯಿ ಬಿಡಿಸಿತ್ತು. ಬುಡದಲ್ಲಿ ಕಸದ ಗುಡ್ಡೆ. ಕೊಳವೆಯಲ್ಲಿ ತುರುಕಿದ್ದ ಪ್ಲಾಸ್ಟಿಕ್ ಚೀಲಗಳನ್ನು ಎಳೆದು ತೆಗೆಯುತ್ತಿದ್ದಾಗ ಒಬ್ಬ ಹುಡುಗ ಬಂದು ನಿಂತ.

“ಇದು ಗುಡಿಯೋ ಗೋರಿಯೋ, ಕಾಕಾ?”

“ನೀರಿನ ಗಂಜ್, ತಮ್ಮಾ.”

“ಮತ್ತೆ ನೀರೆಲ್ಲಿ?”

ನನಗೆ ಉತ್ತರ ಹೊಳೆಯಲಿಲ್ಲ.

ಸರ್, ದೊಡ್ಡ ಯೋಜನೆಯನ್ನೇನೂ ಕೇಳುತ್ತಿಲ್ಲ. ಉಳಿದಿರುವ ಗಂಜ್‌ಗಳನ್ನು ಮೊದಲು ಎಣಿಸಿ, ನಕ್ಷೆಯಲ್ಲಿ ಗುರುತು ಮಾಡಿಸಿ. ಅರಳಿ ಸಸಿಯನ್ನು ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಎಳೆದು ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ಬಲ್ಲವರಿಂದ ಬೇರನ್ನು ಸಾಯಿಸಿ, ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಿಸಬೇಕು. ದಯವಿಟ್ಟು ಸಿಮೆಂಟ್ ಮೆತ್ತಿಸಬೇಡಿ. ಪ್ರತಿ ಗಂಜ್‌ನ ಮುಂದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತೆಂದು ತಿಳಿಸುವ ಕನ್ನಡದ ಫಲಕ ಹಾಕಿಸಿ. ಅಕ್ಷರಗಳು ಆ ಹುಡುಗನ ಕಣ್ಣಿನ ಎತ್ತರಕ್ಕಿರಲಿ.

ಬರುವ ಸಂಕ್ರಾಂತಿಗೆ ಮತ್ತೆ ಬರುತ್ತೇನೆ. ಅಷ್ಟರಲ್ಲಿ ಕೆಲಸ ಶುರುವಾಗಿದ್ದರೆ ರಜೆ ಮುಂದುವರಿಸಿ, ಕಸ ಹೊರುವುದಕ್ಕಾದರೂ ನಿಲ್ಲುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನಲ್ಲಿರುವ ವಿಜಯಪುರದವನು