ಕೂಸಿನ ಮನೆಯ ಬೀಗ ತೆಗೆಸಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ರಾಯಚೂರು ಜಿಲ್ಲೆಯವಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಒಂದು ಹಳ್ಳಿ ನಮ್ಮದು. ಊರಿನ ಹೆಸರು, ನನ್ನ ಹೆಸರು ಇಲ್ಲಿ ಹಾಕಿಲ್ಲ. ನಾಳೆಯೂ ನನಗೆ ಪಂಚಾಯಿತಿಯಿಂದ ಕೆಲಸ ಸಿಗಬೇಕು, ನಮ್ಮತ್ತೆಯ ಪಿಂಚಣಿಗೆ ತೊಂದರೆ ಆಗಬಾರದು. ಊರಿನ ಹೆಸರಿರುವ ಅರ್ಜಿ ನಿಮ್ಮ ಕಚೇರಿಯಲ್ಲೇ ಇದೆ. ಸೀಲ್ ಹಾಕಿ ತಗೊಂಡಿದ್ದಾರೆ. ಅದಕ್ಕೆ ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮ ಕೂಸಿನ ಮನೆಯ ಬೀಗ ತೆಗೆಸಿ. ಬೆಳಿಗ್ಗೆ ಏಳು ಗಂಟೆಗೆ ತೆಗೆಸಿ.

ಕೂಸಿನ ಮನೆ ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಿಲ್ಲ. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಮಾಡುತ್ತೇವೆ ಅಂತ ಸರ್ಕಾರ ಹೇಳಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಜಾಬ್ ಕಾರ್ಡ್ ಇರುವ ಹೆಂಗಸರನ್ನೇ ಆರಿಸಿ, ತರಬೇತಿ ಕೊಟ್ಟು, ಆರೈಕೆಗೆ ಕೂರಿಸುವುದು. ನಮ್ಮೂರಲ್ಲೂ ಹಳೆ ಶಾಲೆಯ ಕೋಣೆಗೆ ಬಣ್ಣ ಹೊಡೆದರು. ಗೋಡೆ ಮೇಲೆ ಆನೆ, ಮೊಲ, ಅ ಆ ಇ ಈ ಬರೆಸಿದರು. ತೊಟ್ಟಿಲು ಬಂತು, ಆಟದ ಸಾಮಾನು ಬಂತು, ಗ್ಯಾಸ್ ಒಲೆ ಬಂತು. ನೀವೇ ಬಂದು ರಿಬ್ಬನ್ ಕತ್ತರಿಸಿದಿರಿ. ನನ್ನ ಕೂಸನ್ನು ಎತ್ತಿಕೊಂಡು ಗಲ್ಲ ಮುಟ್ಟಿ ಮಾತಾಡಿಸಿದಿರಿ. ಅವತ್ತು ನನಗೆ ನಿಜವಾಗಿಯೂ ಸಂತೋಷ ಆಗಿತ್ತು.

ಶುರುವಿನಲ್ಲಿ ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಆರೈಕೆಗೆ ಇದ್ದ ಹೆಂಗಸರಿಗೆ ಕೂಲಿ ಬರುವುದು ತಡವಾಯಿತು. ಅವರೂ ನಮ್ಮ ಹಾಗೆ ಕೂಲಿ ಮಾಡಿ ಉಣ್ಣುವವರು. "ಎಷ್ಟು ದಿನಾಂತ ಸುಮ್ನೆ ಕುಂದ್ರೋದು ಅಕ್ಕಾ?" ಅಂತ ನಾಟಿಗೆ ಹೊರಟರು. ಅವರನ್ನು ನಾನು ಬೈಯುವುದಿಲ್ಲ. ಬಾಗಿಲಿಗೆ ಬೀಗ ಬಿತ್ತು. ಅವತ್ತಿಂದ ಇವತ್ತಿನವರೆಗೂ ಆ ಬೀಗ ಹಾಗೇ ಇದೆ.

ಮಧ್ಯೆ ಒಂದು ದಿನ ಮಾತ್ರ ತೆಗೆದಿದ್ದರು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ಯಜಮಾನರು ಗುಳೆ ಹೋಗಿದ್ದಾರೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅಂಬೆಗಾಲಿಡುವ ಕೂಸನ್ನು ಅವರ ಹತ್ತಿರ ಬಿಟ್ಟು ಹೋಗುವಂತಿಲ್ಲ. ಅದು ಮೆಣಸಿನಕಾಯಿ ಬಿಡಿಸುವ ಕಾಲ. ಬೆಳಿಗ್ಗೆ ಏಳು ದಾಟುತ್ತಿದ್ದಂತೆ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ಬಂದು ನಿಲ್ಲುತ್ತದೆ. ಹತ್ತದಿದ್ದರೆ ಅವತ್ತಿನ ಕೂಲಿ ಹೋಯಿತು. ಕೂಸನ್ನು ಕರ್ಕೊಂಡು ಹೋಗೋಣ ಅಂದರೆ ಹೊಲದ ಸಾವ್ಕಾರ್ರು, "ಕೂಸು ತರೋದಾದ್ರ ಬರಬ್ಯಾಡವ್ವ" ಅಂತ ಮೊದಲೇ ಹೇಳಿಬಿಟ್ಟಿದ್ದರು. ಹಿಂದೊಮ್ಮೆ ಹತ್ತಿ ಬಿಡಿಸುವಾಗ ಬದುವಿನ ಜಾಲಿ ಗಿಡಕ್ಕೆ ಸೀರೆ ಜೋಳಿಗೆ ಕಟ್ಟಿ ಮಲಗಿಸಿದ್ದೆ. ಹುಳಕ್ಕೆ ಔಷಧಿ ಎಣ್ಣೆ ಹೊಡೆದ ಹೊಲ. ಕೂಸಿನ ಮೈತುಂಬಾ ಗಂಧೆ ಎದ್ದು, ಡಾಕ್ಟರಿಗೆ ಕೊಟ್ಟಿದ್ದು ದುಡಿದದ್ದಕ್ಕಿಂತ ಜಾಸ್ತಿ ಆಯಿತು. ಹಾಗಾಗಿ ಏಳನೇ ಕ್ಲಾಸಿನ ನನ್ನ ಮಗಳು ಶಾಲೆ ಬಿಟ್ಟು ತಮ್ಮನನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯಲ್ಲಿದ್ದಳು.

ಅವತ್ತು ಮೇಲಿನಿಂದ ಯಾರೋ ಅಧಿಕಾರಿ ಕೂಸಿನ ಮನೆ ನೋಡಲು ಬರುವವರಿದ್ದರಂತೆ. ಪಂಚಾಯಿತಿ ಕಡೆಯವರು ಬೆಳಿಗ್ಗೆಯೇ ಓಣಿಗೆ ಬಂದು, "ನಿನ್ನ ತಮ್ಮನ್ನ ಒಂಚೂರು ಕೊಡವ್ವ" ಅಂದರು. ಮಗಳು ಕೊಡಲಿಲ್ಲ. ತಾನೇ ಎತ್ತಿಕೊಂಡು ಹೋದಳು. ಅಲ್ಲಿ ಅಂಗನವಾಡಿಯಿಂದಲೂ ಒಂದಷ್ಟು ಮಕ್ಕಳನ್ನು ಕರೆತಂದು ಕೂರಿಸಿದ್ದರು. ತೊಟ್ಟಿಲಿನ ಹಾಸಿಗೆಯ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅದರ ಮೇಲೇ ನನ್ನ ಕೂಸನ್ನು ಮಲಗಿಸಿದರು. ಅದು ಅಕ್ಕನ ಕಡೆ ಕೈ ಚಾಚಿ ಅಳಲು ಶುರು ಮಾಡಿತು. ಇವಳು ತೊಟ್ಟಿಲ ಹತ್ತಿರ ಹೋದಳು. ಆಗ ಫೋಟೋ ತೆಗೆಯುತ್ತಿದ್ದವರು ಹೇಳಿದ ಮಾತು ಇದು: "ನೀ ಹೊರಗ ನಿಂದ್ರು. ಸಾಲಿ ವಯಸ್ಸಿನ ಹುಡುಗಿ ಫೋಟೋದಾಗ ಬಂದ್ರ ಮೇಲಿನವರು ಕೇಳ್ತಾರ."

ಇನ್ನೊಂದು ಸಲ ಓದಿ ಸಾಹೇಬ್ರೇ. ನನ್ನ ಮಗಳು ಶಾಲೆಯಲ್ಲಿ ಇರಬೇಕಾದ ಹೊತ್ತಿನಲ್ಲಿ ಅಲ್ಲಿದ್ದಾಳೆ ಅನ್ನೋದು ಅವರಿಗೆ ಗೊತ್ತಿತ್ತು. ಅದು ತಪ್ಪು ಅನ್ನೋದೂ ಗೊತ್ತಿತ್ತು. ಆ ತಪ್ಪು ಫೋಟೋದಲ್ಲಿ ಕಾಣದಿದ್ದರೆ ಅವರಿಗೆ ಅಷ್ಟೇ ಸಾಕಾಗಿತ್ತು. ಫೋಟೋ ಅಪ್‌ಲೋಡ್ ಆಯಿತು. ಮಧ್ಯಾಹ್ನದೊಳಗೆ ಕೂಸು ಮತ್ತೆ ಅವಳ ಕಂಕುಳಿಗೆ ಬಂತು, ಬಾಗಿಲಿಗೆ ಬೀಗ ಬಿತ್ತು. ಸಂಜೆ ನಾನು ಖಾರದ ಕೈಯಲ್ಲೇ ಮನೆಗೆ ಬಂದಾಗ ಮಗಳು ಕೇಳಿದಳು, "ಯವ್ವಾ, ನಾನ್ಯಾಕ ಫೋಟೋದಾಗ ಇರಬಾರದು?" ಅವಳಿಗೆ ಏನು ಹೇಳಲಿ? ನೀವೇ ಹೇಳಿ.

ಈ ಸಿಟ್ಟು ನನ್ನೊಬ್ಬಳದಲ್ಲ. ನಮ್ಮ ಓಣಿಯಲ್ಲಿ ಯಾವ ಮನೆಗೆ ಹೋದರೂ ಕೂಸು ನೋಡಿಕೊಳ್ಳಲು ಒಬ್ಬ ಹುಡುಗಿ ಸಿಗುತ್ತಾಳೆ. ಹುಡುಗ ಸಿಗುವುದಿಲ್ಲ. ಕೂಸಿನ ಮನೆಗೆ ಬೀಗ ಬಿದ್ದರೆ ಅಕ್ಕನೇ ಕೂಸಿನ ಮನೆ. ಅವಳು ಶಾಲೆಗೆ ಹೋಗದಿದ್ದರೆ ತಪ್ಪುವುದು ಪಾಠವೊಂದೇ ಅಲ್ಲ. ಮಧ್ಯಾಹ್ನದ ಬಿಸಿಯೂಟ ತಪ್ಪುತ್ತದೆ. ಮೊಟ್ಟೆ ತಪ್ಪುತ್ತದೆ, ಶಾಲೆ ಮಕ್ಕಳಿಗೆ ಮೊಟ್ಟೆ ಮೊದಲು ಶುರುವಾದದ್ದೇ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಇಲ್ಲಿನ ಮಕ್ಕಳಲ್ಲಿ ರಕ್ತ ಕಡಿಮೆ, ತೂಕ ಕಡಿಮೆ ಅಂತ. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ತಪ್ಪುತ್ತದೆ. ಮೈ ನೆರೆಯುವ ವಯಸ್ಸಿನ ಹುಡುಗಿಗೆ ಇದು ಸಣ್ಣ ವಿಷಯ ಅಲ್ಲ.

ಹದಿಹರೆಯದವರ ಮನಸ್ಸಿನ ಆರೋಗ್ಯಕ್ಕೆ ಅಂತಲೂ ಸರ್ಕಾರ ಏನೇನೋ ಮಾಡಿದೆ. ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು. ಮಕ್ಕಳಿಗೆ 1098 ಇದೆ. ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವಸ್ಪಂದನ ಇದೆ, ಜಿಲ್ಲಾ ಕೇಂದ್ರದಲ್ಲಿ. ಒಳ್ಳೆಯ ಕೆಲಸಗಳೇ. ಆದರೆ ಕಂಕುಳಲ್ಲಿ ಕೂಸು ಇಟ್ಟುಕೊಂಡ ಹುಡುಗಿ ಬಸ್ಸು ಹತ್ತಿ ರಾಯಚೂರಿಗೆ ಹೇಗೆ ಹೋಗಬೇಕು? ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಬೆಂಗಳೂರಿಗೆ ಹೋಗಿರುತ್ತದೆ, ಇಲ್ಲ ಅಮ್ಮನ ಜೊತೆ ಹೊಲಕ್ಕೆ ಹೋಗಿರುತ್ತದೆ. ಶಾಲೆಗೆ ಯಾರೋ ಬಂದು ಮನಸ್ಸಿನ ಬಗ್ಗೆ, ಭಯದ ಬಗ್ಗೆ ಚೆನ್ನಾಗಿ ಮಾತಾಡಿ ಹೋದರಂತೆ. ಆ ಮಾತು ಯಾರಿಗೆ ಜಾಸ್ತಿ ಬೇಕಿತ್ತೋ ಆ ಹುಡುಗಿಯರು ಅವತ್ತು ಮನೆಯಲ್ಲಿದ್ದರು.

ನನ್ನ ಮಗಳು ಮೊದಲು ಮನೆ ತುಂಬಾ ಮಾತಾಡುತ್ತಿದ್ದಳು. ಈಗ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾಳೆ. ಗೆಳತಿಯರು ಬಂದರೆ ಒಳಗೆ ಹೋಗಿಬಿಡುತ್ತಾಳೆ, ಅವರು ಶಾಲೆಯ ಸುದ್ದಿ ಮಾತಾಡುತ್ತಾರೆ ಅಂತ. ನಮ್ಮ ಓಣಿಯ ಇನ್ನೊಬ್ಬ ಹುಡುಗಿ ಹೀಗೇ ಶಾಲೆ ಬಿಟ್ಟಳು. "ಸಾಲಿ ಬಿಟ್ಟ ಹುಡುಗೀನ ಎಷ್ಟು ದಿನಾ ಮನ್ಯಾಗ ಇಟ್ಕೊಂತೀರಿ?" ಅಂತ ಸಂಬಂಧಿಕರು ಶುರು ಮಾಡಿದರು. ಮುಂದಿನ ಕಥೆ ನಿಮಗೆ ಗೊತ್ತು. ಬಾಲ್ಯವಿವಾಹ ತಡೆಯಬೇಕಾದ ಅಧಿಕಾರಿಗಳಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿಡಿಒ ಕೂಡ ಒಬ್ಬರು. ಮದುವೆ ದಿನ ಜೀಪಿನಲ್ಲಿ ಬಂದು ತಡೆಯುವುದಕ್ಕಿಂತ ಬೆಳಿಗ್ಗೆ ಏಳಕ್ಕೆ ಒಂದು ಬಾಗಿಲು ತೆಗೆಯುವುದು ಸುಲಭ ಅಲ್ವಾ?

ಮಕ್ಕಳ ಗ್ರಾಮ ಸಭೆಯಲ್ಲಿ ನನ್ನ ಮಗಳೇ ಎದ್ದು ನಿಂತು ಕೇಳಿದಳು, ಕೂಸಿನ ಮನೆ ಯಾವಾಗ ತೆಗೀತೀರಿ ಅಂತ. "ನೋಡೋಣ, ಕುಂದ್ರವ್ವ" ಅಂದರು. ನಡಾವಳಿಯಲ್ಲಿ ಆ ಪ್ರಶ್ನೆ ಇಲ್ಲ. ಆಟದ ಮೈದಾನ, ಶೌಚಾಲಯ, ಕುಡಿಯುವ ನೀರು ಅಂತ ಇದೆ. ಅವೂ ಬೇಕು. ಆದರೆ ಎದ್ದು ನಿಂತು ಕೇಳಿದ ಮಗುವಿನ ಮಾತನ್ನು ಬರೆಯದಿದ್ದರೆ ಆ ಸಭೆ ಯಾಕೆ?

ಇನ್ನು ನಿಯಮದ ವಿಷಯ. ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ. ನರೇಗಾ ಕಾಯ್ದೆಯಲ್ಲೇ ಬರೆದಿದ್ದರು, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ಇಟ್ಟು ಅವಳಿಗೂ ಕೂಲಿ ಕೊಡಬೇಕು ಅಂತ. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಪಂಚಾಯಿತಿಯ ಕೆಲಸ ಅಂತ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲೇ ಇದೆ. ಪಂಚಾಯಿತಿಯಲ್ಲಿ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಅಂತ ಇದೆ. ಅದು ಕೊನೆಗೆ ಯಾವಾಗ ಸೇರಿತು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಂಚಾಯಿತಿಗೆ ಹೋದರೆ ಶಿಶು ಅಭಿವೃದ್ಧಿ ಇಲಾಖೆ ಅನ್ನುತ್ತಾರೆ. ಅಲ್ಲಿಗೆ ಹೋದರೆ, ಅಂಗನವಾಡಿ ಮಾತ್ರ ನಮ್ಮದು, ಕೂಸಿನ ಮನೆ ಪಂಚಾಯಿತಿಯದು ಅನ್ನುತ್ತಾರೆ. ಮೊದಲಾದರೆ ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಸದಸ್ಯರ ಮನೆಗಾದರೂ ಹೋಗಿ ಕೇಳುತ್ತಿದ್ದೆವು. ಅವರ ಅವಧಿ 2021ರಲ್ಲೇ ಮುಗಿಯಿತು.

ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಎಲ್ಲಾ ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕು ಕೆಡಿಪಿ ಸಭೆಯಲ್ಲಿ ಅಧ್ಯಕ್ಷರ ಕುರ್ಚಿ ನಿಮ್ಮದು. ಎಲ್ಲಾ ಇಲಾಖೆಯವರೂ ನಿಮ್ಮ ಎದುರಿಗೇ ಕೂರುತ್ತಾರೆ. ನನಗೆ ಅವರೆಲ್ಲರೂ ಒಂದೇ ಕೋಣೆಯಲ್ಲಿ ಯಾವತ್ತೂ ಸಿಗುವುದಿಲ್ಲ. ಅಲ್ಲಿ ಕೇಳಿ. ಯಾವ ಪಂಚಾಯಿತಿಯಲ್ಲಿ ಕೂಸಿನ ಮನೆ ನಡೆಯುತ್ತಿದೆ, ಎಲ್ಲಿ ಬೀಗ ಬಿದ್ದಿದೆ, ಯಾರಿಗೆ ಎಷ್ಟು ತಿಂಗಳ ಕೂಲಿ ಬಾಕಿ ಇದೆ ಅಂತ ಕೇಳಿ. ಫೋಟೋ ತೋರಿಸಿದರೆ ನಂಬಬೇಡಿ. ಹೇಳದೆ ಕೇಳದೆ ಬಂದು ನೋಡಿ.

ಮತ್ತು ವೇಳೆ. ಬೀಗ ತೆಗೆದು ಹತ್ತು ಗಂಟೆಗೆ ಬಾಗಿಲು ತೆರೆದರೆ ನಮಗೆ ಉಪಯೋಗ ಇಲ್ಲ. ಹತ್ತು ಗಂಟೆಗೆ ನಾವು ಹೊಲದಲ್ಲಿ ಅರ್ಧ ಸಾಲು ಮುಗಿಸಿರುತ್ತೇವೆ. ನಮ್ಮ ಭಾಗದಲ್ಲಿ ಬಿಸಿಲು ಜಾಸ್ತಿ ಅಂತ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಒಂದು ಆದೇಶ ಬಂದರೆ ಸಾಕು, ಇಡೀ ಜಿಲ್ಲೆಯ ಗಡಿಯಾರ ಬದಲಾಗುತ್ತದೆ. ಕಚೇರಿಗೆ ಆಗುವುದು ಕೂಸಿಗೆ ಯಾಕೆ ಆಗುವುದಿಲ್ಲ? ಏಳು ಗಂಟೆಗೆ ತೆಗೆಸಿ. ಕೂಲಿಯವರು ವಾಪಸ್ ಬರುವವರೆಗೆ ತೆರೆದಿಡಿಸಿ. ಪಂಚಾಯಿತಿ ಕೆಲಸ ಇಲ್ಲದ ದಿನ ಹೊಲಕ್ಕೆ ಹೋಗುವ ತಾಯಿಯ ಕೂಸನ್ನೂ ಸೇರಿಸಿಕೊಳ್ಳಲು ಹೇಳಿಸಿ. ಕೂಸಿಗೆ ಅವ್ವ ಯಾರ ಕೆಲಸಕ್ಕೆ ಹೋಗಿದ್ದಾಳೆ ಅಂತ ಏನು ಗೊತ್ತು?

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಓದುತ್ತಾರೆ, ನಾವೂ ಕೇಳುತ್ತೇವೆ. ಕಟ್ಟಡಕ್ಕೆ, ಕಾಂಪೌಂಡಿಗೆ, ಕಮಾನಿಗೆ ದುಡ್ಡು ಬರುತ್ತದೆ. ಕಟ್ಟಡದ ಒಳಗೆ ಕೂತು ಕೂಸಿಗೆ ಗಂಜಿ ಕುಡಿಸುವ ಹೆಂಗಸಿನ ಕೂಲಿಗೆ ಬರುವುದಿಲ್ಲ. ನಮಗೆ ಹೊಸ ಕಟ್ಟಡ ಬೇಡ. ಇರುವ ಕೋಣೆಯೇ ಸಾಕು.

ಆಗುವುದಿಲ್ಲ ಅಂತಲೂ ಹೇಳಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಬೆಂಗಳೂರಿನಿಂದ ದೊಡ್ಡ ದೊಡ್ಡವರೆಲ್ಲಾ ಓಡಿ ಬಂದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು, ಒಂದು ವಾರದಲ್ಲಿ. ನಾವೆಲ್ಲ ಕೈ ಮುಗಿದೆವು, ಅದು ನಮ್ಮ ಭತ್ತದ ನೀರು. ಮನಸ್ಸು ಮಾಡಿದರೆ ಇಲ್ಲಿ ಕೆಲಸ ಆಗುತ್ತದೆ ಅಂತ ಅವತ್ತು ಕಣ್ಣಾರೆ ಕಂಡೆವು. ಇಲ್ಲಿ ಬೇಕಾಗಿರುವುದು ಒಂದು ಬೀಗದ ಕೈ, ಇಬ್ಬರು ಹೆಂಗಸರಿಗೆ ತಿಂಗಳು ತಿಂಗಳಿಗೆ ಸರಿಯಾಗಿ ಕೂಲಿ.

ಮುಂದಿನ ಕೆಡಿಪಿ ಸಭೆಗೆ ಮುಂಚೆ ನಮ್ಮ ಕೂಸಿನ ಮನೆ ತೆಗೆಸಿ. ಆರೈಕೆಯವರ ಬಾಕಿ ಕೂಲಿ ಕೊಡಿಸಿ. ವೇಳೆ ಏಳು ಗಂಟೆ ಅಂತ ಆದೇಶ ಮಾಡಿಸಿ, ಅದನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಲು ಹೇಳಿ. ಶಾಲೆ ಬಿಟ್ಟು ಕೂಸು ನೋಡಿಕೊಳ್ಳುತ್ತಿರುವ ಹುಡುಗಿಯರ ಪಟ್ಟಿ ಮಾಡಿಸಿ. ಮೊದಲ ಹೆಸರು ನನ್ನ ಮಗಳದ್ದು ಬರೆದುಕೊಳ್ಳಲಿ, ನಾನೇ ಬಂದು ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಕೂಲಿ ತಾಯಿ
ರಾಯಚೂರು ಜಿಲ್ಲೆ