ಶನಿವಾರದ ಸಭೆ: ನಮ್ಮೂರ ಹದಿಹರೆಯದ ಮಕ್ಕಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ 11ಕ್ಕೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಸೇರೋಣ. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಹೈಸ್ಕೂಲ್ ಶಿಕ್ಷಕರು, ಮಹಿಳೆಯರ, ಮಕ್ಕಳ ರಕ್ಷಣೆಗಿರುವ ಕಾವಲು ಸಮಿತಿಯವರು ತಪ್ಪದೇ ಬನ್ನಿ.

ಹೋದ ವರ್ಷ ಒಬ್ಬ ಹುಡುಗಿ ಮೂರು ವಾರ ಶಾಲೆಗೆ ಬರಲಿಲ್ಲ. ಅದು ಮೇಷ್ಟ್ರಿಗೂ ಗೊತ್ತಿತ್ತು, ಆಶಾ ಅಕ್ಕನಿಗೂ ಗೊತ್ತಿತ್ತು. ಆದರೆ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಮದುವೆ ಮಾತುಕತೆಯೇ ಮುಗಿದಿತ್ತು. ಇನ್ನೊಮ್ಮೆ ಹಾಗಾಗಬಾರದು, ಅಲ್ವಾ?

ಬರುವಾಗ ನಿಮ್ಮ ಬೀದಿಯ ಪಟ್ಟಿ ತನ್ನಿ. ಶಾಲೆ ಬಿಟ್ಟವರು, ಕೆಲಸಕ್ಕೆ ಹೋಗುತ್ತಿರುವವರು, ಅಪ್ಪ ಅಮ್ಮ ಗುಳೆ ಹೋಗಿ ಅಜ್ಜಿ ಮನೆಯಲ್ಲಿ ಉಳಿದವರು, ಇತ್ತೀಚೆಗೆ ಜಾಸ್ತಿ ಮಂಕಾಗಿರುವವರು. ಒಂದೊಂದು ಮಗುವಿಗೂ ನಮ್ಮಲ್ಲೊಬ್ಬರು ಜವಾಬ್ದಾರಿ ತಗೊಳ್ಳೋಣ.

ದಯವಿಟ್ಟು ಮಕ್ಕಳ ಹೆಸರು, ಫೋಟೋ ಈ ಗುಂಪಿನಲ್ಲಿ ಹಾಕಬೇಡಿ. ಊರಲ್ಲಿ ಮಾತು ಹಬ್ಬಿದರೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ತುರ್ತಿದ್ದರೆ ಸಭೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416. ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ.

ಬರುವವರು ಗುರುವಾರ ಸಂಜೆಯೊಳಗೆ ‘ಬರ್ತೀನಿ’ ಎಂದು ಹಾಕಿ. ಆಗದವರು ಪಟ್ಟಿಯನ್ನು ನನ್ನ ಕೈಗೇ ಕೊಡಿ.