ಸೋಬಿಯೆಸ್ಕಿ: ವಿಯೆನ್ನಾಕ್ಕಿಂತ ಮೊದಲು

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಪೋಲೆಂಡಿನ ದೊರೆ ಮೂರನೇ ಯಾನ್ ಸೋಬಿಯೆಸ್ಕಿಯ ಕುರಿತ ಲೇಖನ ಓದಿದೆ. 1683ರ ಸೆಪ್ಟೆಂಬರ್ 12ರಂದು ವಿಯೆನ್ನಾದಲ್ಲಿ ಆತ ತುರ್ಕಿ ಸೇನೆಯನ್ನು ಸೋಲಿಸಿದ್ದು ಸರಿಯೇ. ಆದರೆ ಆತ ಆಕಾಶದಿಂದ ಉದುರಿದವನೇನಲ್ಲವಲ್ಲ!

ಈಗ ಉಕ್ರೇನಿನಲ್ಲಿರುವ ಒಲೆಸ್ಕೊ ಕೋಟೆಯಲ್ಲಿ 1629ರಲ್ಲಿ ಹುಟ್ಟಿದವನು. ತಾಯಿಯ ಅಜ್ಜ ಝೊಲ್ಕಿಯೆವ್‌ಸ್ಕಿ 1620ರಲ್ಲಿ ತುರ್ಕರೊಡನೆ ಹೋರಾಡುತ್ತಲೇ ಮಡಿದಿದ್ದ. ಅಣ್ಣ ಮಾರೆಕ್ 1652ರಲ್ಲಿ ಬಾತೋಹ್ ಕದನದ ನಂತರ ತುರ್ಕರ ಸಾಮಂತರಾಗಿದ್ದ ಕ್ರಿಮಿಯಾದ ಟಾಟಾರರ ಕೈಸೆರೆಯಲ್ಲಿ ಹತನಾದ. ಇಷ್ಟಾಗಿಯೂ, ಎರಡೇ ವರ್ಷಗಳಲ್ಲಿ ಈತ ರಾಯಭಾರಿ ತಂಡದೊಡನೆ ಇಸ್ತಾಂಬುಲಿಗೆ ಹೋಗಿ ತುರ್ಕರ ಸೇನೆ, ನಡವಳಿಕೆಗಳನ್ನು ಕಣ್ಣಾರೆ ಕಂಡು ಬಂದ. ನನಗೆ ಬಹಳ ಹಿಡಿಸಿದ್ದು ಈ ಸಂಗತಿಯೇ.

ಕಳಂಕವೂ ಇದೆ. 1655ರಲ್ಲಿ ಸ್ವೀಡನ್ ದಂಡೆತ್ತಿ ಬಂದಾಗ ಹಲವು ಸರದಾರರಂತೆ ಈತನೂ ಶತ್ರುಪಕ್ಷ ಸೇರಿದ್ದ. ಮರುವರ್ಷ ಮರಳಿ ಬಂದು, ವಾರ್ಸಾ ಕದನದಲ್ಲಿ, ಆಗ ಪೋಲೆಂಡಿನ ಮಿತ್ರರಾಗಿದ್ದ ಅದೇ ಟಾಟಾರರ ಅಶ್ವಪಡೆಯನ್ನು ಸ್ವೀಡನ್ ವಿರುದ್ಧ ಮುನ್ನಡೆಸಿದ. ಲೇಖಕರು ಇದನ್ನು ಏಕೆ ಮರೆಮಾಚಿದರೋ ತಿಳಿಯದು.

1668ರಲ್ಲಿ ಮಹಾದಂಡನಾಯಕನಾದ. 1673ರ ನವೆಂಬರ್ 11ರಂದು ಖೋಟಿನ್‌ನಲ್ಲಿ ತುರ್ಕರನ್ನು ಬಗ್ಗುಬಡಿದ. ಹಿಂದಿನ ದಿನವಷ್ಟೇ ದೊರೆ ಮಿಖಾವ್ ತೀರಿಕೊಂಡಿದ್ದ. ಮರುವರ್ಷ ಸರದಾರರು ಸೋಬಿಯೆಸ್ಕಿಯನ್ನೇ ದೊರೆಯಾಗಿ ಆರಿಸಿದರು. ಅಲ್ಲಿ ಸಿಂಹಾಸನ ವಂಶಪಾರಂಪರ್ಯವಾಗಿರಲಿಲ್ಲ, ಚುನಾವಣೆಯಿಂದ ದಕ್ಕುತ್ತಿತ್ತು. ಲೇಖನದಲ್ಲಿ ‘ಪಟ್ಟದ ರಾಜಕುಮಾರ’ ಎಂದು ಬರೆದಿರುವುದು ತಪ್ಪು, ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ಇತಿಹಾಸಾಸಕ್ತ ಓದುಗ, ಮೈಸೂರು